ಗಾಡಿ ಕೆಳಗಿನ ನಾಯಿ ಗಾಡಿಯೊಳಗೆ ಬಂದ ಕಥೆ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನ ರಿಲೀಸು, ಮನೆಗೆ ಸುಣ್ಣ-ಬಣ್ಣ, ಮಳೆ ಅಂತ ನೆಪಗಳಿಗೇನೂ ಬರ ಇರಲಿಲ್ಲ. ಇವತ್ತು ಮತ್ತೆ ಕೀಬೋರ್ಡ್ ಮುಂದೆ ಕೂತಿದ್ದಕ್ಕೆ ಕಾರಣ ನಮ್ಮನೆ ಗುಂಡ.

ಗುಂಡ ಅಂದ್ರೆ ನಾಯಿ. ಯಾವ ತಳಿ ಅಂತ ಮಾತ್ರ ಕೇಳಬೇಡಿ. ನಾಲ್ಕು ವರ್ಷದ ಹಿಂದೆ ಎನ್.ಆರ್. ಕಾಲೋನಿಯ ನಮ್ಮ ರಸ್ತೆಯಲ್ಲೇ ಮೋರಿ ಪಕ್ಕ ಕುಂಯ್‌ಗುಡುತ್ತಾ ಸಿಕ್ಕವನು. ಈಗ 22 ಕೆಜಿ ತೂಗುತ್ತಾನೆ. ಕಳೆದ ತಿಂಗಳು ಒಂದು ಶನಿವಾರ ಅವನಿಗೆ ಲಸಿಕೆ ಹಾಕಿಸೋಣ ಅಂತ ಕಾರಲ್ಲಿ ಕರೆದುಕೊಂಡು ಹೊರಟಿದ್ದೆ. ಎಂದಿನ ಹಾಗೆ ಹಿಂದಿನ ಸೀಟಲ್ಲಿ ಕೂತು ಕಿಟಕಿ ಗಾಜಿಗೆ ಮೂತಿ ಒತ್ತಿಕೊಂಡಿದ್ದ. ಮಿನರ್ವ ಸರ್ಕಲ್ ಹತ್ತಿರ ಒಂದು ಬೈಕು ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರು ನಿಂತಿತು, ಬೈಕಿನವನು ನನಗೇ ಬೈದು ಹೊರಟುಹೋದ. ಆದರೆ ಗುಂಡ ನಿಲ್ಲಲಿಲ್ಲ. ಎರಡು ಸೀಟುಗಳ ನಡುವಿನಿಂದ ತೂರಿಬಂದು ಗೇರಿನ ಹತ್ತಿರ ಬಿದ್ದ. ಮುಂಗಾಲು ಉಳುಕಿ ಹತ್ತು ದಿನ ಕುಂಟಿದ.

ಮನೆಗೆ ಬಂದ ಮೇಲೆ ಅಮ್ಮನ ಮಂಗಳಾರತಿ ಆಯ್ತು. "ನಿನಗೆ ಮಗು ಇದ್ದಿದ್ರೆ ಅದನ್ನೂ ಹೀಗೇ ಬಿಟ್ಕೊಂಡು ಹೋಗ್ತಿದ್ಯೇನೋ?" ಜಗಲಿಯಲ್ಲಿ ಪೇಪರ್ ಓದುತ್ತಿದ್ದ ತಾತ (ವಯಸ್ಸು 86) ತಲೆ ಎತ್ತದೆ ಹೇಳಿದರು: "ನಮ್ಮ ಕಾಲದಲ್ಲಿ ರೈಲಲ್ಲೇ ನಾಯಿಗೊಂದು ಡಬ್ಬಿ ಇತ್ತು ಕಣೋ. ನಿಮ್ಮ ಕಾರಲ್ಲಿ ಅದೂ ಇಲ್ಲ."

ಆ ಒಂದು ಮಾತು ಹುಳದ ಹಾಗೆ ತಲೆಗೆ ಹೊಕ್ಕಿತು. ಗಾಡಿಯಲ್ಲಿ ನಾಯಿಯನ್ನ ಎಲ್ಲಿ ಕೂರಿಸಬೇಕು ಅಂತ ಜನ ಯಾವಾಗಿಂದ ಯೋಚನೆ ಮಾಡ್ತಿದ್ದಾರೆ? ಎರಡು ವಾರ ಇದೇ ಹುಡುಕಾಟ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ಕನ್ನಡದ ನಾಯಿಗಳ ಇತಿಹಾಸ ಅಂದ ಕೂಡಲೇ ನೆನಪಾಗೋದು ಆತಕೂರಿನ ಕಾಳಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ಶಾಸನದ ಕಲ್ಲು ಈಗ ನಮ್ಮ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನ ಕೊಂದ. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣನ ಬೇಟೆನಾಯಿ ಕಾಳಿಯನ್ನ! ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನೆಡಿಸಿದ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ-ಹಂದಿ ಕಾದಾಟದ ಕೆತ್ತನೆ ಈಗಲೂ ನೋಡಬಹುದು.

ಆ ಕಾಲದಲ್ಲಿ ನಾಯಿಯನ್ನ ಗಾಡಿಯಲ್ಲಿ ಕೂಡಿಹಾಕುವ ಅಗತ್ಯವೇ ಇರಲಿಲ್ಲ. ಗಾಡಿಗಿಂತ ನಾಯಿಯೇ ವೇಗವಾಗಿ ಓಡ್ತಿತ್ತಲ್ಲ! ಎತ್ತಿನ ಗಾಡಿ ಹೊರಟರೆ ನಾಯಿ ಗಾಡಿ ಕೆಳಗಿನ ನೆರಳಲ್ಲಿ ನಡೆದುಕೊಂಡು ಹೋಗ್ತಿತ್ತು. ಅದಕ್ಕೇ "ಗಾಡಿ ಕೆಳಗೆ ಹೋಗೋ ನಾಯಿ ಗಾಡೀನ ತಾನೇ ಎಳೀತಿದೀನಿ ಅಂದ್ಕೊಂಡಿತಂತೆ" ಅನ್ನೋ ಮಾತು ನಮ್ಮಲ್ಲಿ ಹುಟ್ಟಿದ್ದು. (ನಮ್ಮ ಆಫೀಸಿನಲ್ಲೂ ಇಂಥವರಿದ್ದಾರೆ, ಅದು ಬೇರೆ ಪೋಸ್ಟಿಗೆ ವಸ್ತು :-) ) ಇಂಗ್ಲೆಂಡಿನಲ್ಲೂ ಕಥೆ ಇದೇ. ಡಾಲ್ಮೇಷಿಯನ್ ನಾಯಿಗಳನ್ನ ಸಾರೋಟಿನ ಪಕ್ಕದಲ್ಲಿ, ಅಚ್ಚಿನ ಕೆಳಗೆ ಓಡೋಕೆ ಪಳಗಿಸ್ತಿದ್ರು.

ನಾಯಿಗೆ ಅಂತಲೇ ಗಾಡಿಯಲ್ಲಿ ಜಾಗ ಮಾಡಿದ್ದು ಬೇಟೆಯ ಹುಚ್ಚಿನ ಇಂಗ್ಲಿಷರು. ಹತ್ತೊಂಬತ್ತನೇ ಶತಮಾನದಲ್ಲಿ 'ಡಾಗ್ ಕಾರ್ಟ್' ಅಂತ ಒಂದು ಕುದುರೆಗಾಡಿ ಬಂತು. ಬೆನ್ನಿಗೆ ಬೆನ್ನು ಹಚ್ಚಿ ಕೂರುವ ಎರಡು ಸೀಟು, ಸೀಟಿನ ಕೆಳಗೆ ಗಾಳಿಯಾಡೋಕೆ ಪಟ್ಟಿ ಪಟ್ಟಿ ಸಂದು ಬಿಟ್ಟ ಮರದ ಪೆಟ್ಟಿಗೆ. ಬೇಟೆನಾಯಿಗಳು ಅದರೊಳಗೆ. ಸುಮ್ಮನೆ ಗಮನಿಸಿ: ಗಾಳಿಗೆ ಸಂದು, ಅಲ್ಲಾಡದ ಗೋಡೆ, ಮೈ ಹಿಡಿಸುವಷ್ಟೇ ಜಾಗ, ಜನ ಕೂರುವ ಕಡೆಯಿಂದ ಬೇರೆ. ಇವತ್ತು ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಮಾರುವ ನಾಯಿಪೆಟ್ಟಿಗೆಯ ವಿನ್ಯಾಸ ಹೆಚ್ಚುಕಮ್ಮಿ ಇದೇ. ಆಮೇಲೆ ನಾಯಿಗಳು ಇಳಿದುಹೋದವು, ಸಾಹೇಬರು ಸುಮ್ಮನೆ ಸವಾರಿಗೂ ಅದೇ ಗಾಡಿ ಬಳಸಿದರು, ಹೆಸರು ಮಾತ್ರ ಉಳೀತು.

ಆಮೇಲೆ ಬಂದದ್ದು ರೈಲು. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ, 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ. ಇದರ ಜೊತೆ ಓಡೋಕೆ ಯಾವ ನಾಯಿಗೂ ಆಗಲ್ಲ. ಹಾಗಾಗಿ ನಾಯಿ ಒಳಗೆ ಬರಲೇಬೇಕಾಯ್ತು. ಒಳಗೆ ಬಂದ ಕೂಡಲೇ ಪ್ರಶ್ನೆ ಎದ್ದಿತು: ಇದು ಪ್ರಯಾಣಿಕನೋ, ಸಾಮಾನೋ?

ರೈಲ್ವೆಯವರ ಉತ್ತರ ಸ್ಪಷ್ಟವಾಗಿತ್ತು: ಸಾಮಾನು. 1890ರ ಭಾರತೀಯ ರೈಲ್ವೆ ಕಾಯ್ದೆಯ 73ನೇ ಸೆಕ್ಷನ್ ಓದಿ ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಸಾಗಿಸುವಾಗ ಪ್ರಾಣಿ ಸತ್ತರೆ ಅಥವಾ ಕಳೆದುಹೋದರೆ ರೈಲ್ವೆಯ ಹೊಣೆ ಎಷ್ಟು ಅಂತ ಅದರಲ್ಲಿ ಪಟ್ಟಿ ಇದೆ. ಆನೆ, ಕುದುರೆಗೆ ತಲೆಗೆ 500 ರೂಪಾಯಿ. ಒಂಟೆ, ದನಗಳಿಗೆ 50. ಕತ್ತೆ, ಕುರಿ, ಮೇಕೆ, ನಾಯಿ ಮತ್ತಿತರ ಪ್ರಾಣಿಗಳಿಗೆ 10. ನಿಮ್ಮ ನಾಯಿ ಅದಕ್ಕಿಂತ ಹೆಚ್ಚು ಬೆಲೆಯದು ಅಂತಿದ್ದರೆ ಮೊದಲೇ ಬರೆದುಕೊಡಬೇಕಿತ್ತು. ಸುಮಾರು ನೂರು ವರ್ಷ ಆದ ಮೇಲೆ, 1990ರ ನಿಯಮದಲ್ಲಿ, ಆ ಹತ್ತು ರೂಪಾಯಿ 120 ಆಯ್ತು. ಆನೆಗೆ 6,000.

ಆದರೆ ಸಾಮಾನು ಅಂತ ಬರೆದುಕೊಂಡ ಅದೇ ರೈಲ್ವೆ ನಾಯಿಗೊಂದು ಪೆಟ್ಟಿಗೆಯನ್ನೂ ಮಾಡಿಸಿತು. ಗಾರ್ಡ್ ಇರುವ ಬ್ರೇಕ್‌ವ್ಯಾನಿನಲ್ಲಿ, ನೆಲದ ಮಟ್ಟದಲ್ಲಿ, ಗಾಳಿಗೆ ಸಂದಿರುವ ಕಬ್ಬಿಣದ ಬಾಗಿಲಿನ ಗೂಡು. ಅದೇ 'ಡಾಗ್ ಬಾಕ್ಸ್'. ಸಾಮಾನಿನ ದರ ಕಟ್ಟಿ, ರಸೀದಿ ಪಡೆದು, ಗಾರ್ಡ್ ಕೈಗೆ ಒಪ್ಪಿಸಬೇಕು. ಮೊದಲ ದರ್ಜೆಯವರಿಗೆ ಮಾತ್ರ ಬೇರೆ ನ್ಯಾಯ: ಜೊತೆಗಿರುವ ಪ್ರಯಾಣಿಕರು ಒಪ್ಪಿದರೆ ನಾಯಿಯನ್ನ ತಮ್ಮ ಜೊತೆಯಲ್ಲೇ ಇಟ್ಟುಕೊಳ್ಳಬಹುದು. ನಾಯಿಯ ದರ್ಜೆ ಯಜಮಾನನ ಟಿಕೆಟ್ಟಿನ ಮೇಲೆ!

ತಾತ ಹೇಳಿದ 'ಡಬ್ಬಿ' ಇದೇ. 1968ರಲ್ಲಿ ಅವರಿಗೆ ಶಿವಮೊಗ್ಗೆಗೆ ವರ್ಗ ಆಯ್ತು. ಜೊತೆಗೆ ಅಜ್ಜಿ, ಎರಡು ಟ್ರಂಕು, ಮತ್ತು ಟೈಗರ್ ಅನ್ನೋ ಕಂದು ಬಣ್ಣದ ನಾಯಿ. ಆಗಿನ್ನೂ ಮೀಟರ್ ಗೇಜು. ಟೈಗರ್‌ನನ್ನ ಬೆಂಗಳೂರಲ್ಲಿ ಡಬ್ಬಿಗೆ ಹಾಕಿಸಿ ತಾತ ಮೂರನೇ ದರ್ಜೆಯಲ್ಲಿ ಕೂತರು. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಅರಸೀಕೆರೆಯಲ್ಲಿ ರೈಲು ನಿಂತ ತಕ್ಷಣ ಚೊಂಬಿನಲ್ಲಿ ನೀರು ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಓಡಿದರಂತೆ. "ಕತ್ತಲಲ್ಲಿ ಬರೀ ಎರಡು ಕಣ್ಣು ಕಾಣ್ತಿತ್ತು ಕಣೋ. ನನ್ನ ಧ್ವನಿ ಕೇಳಿ ಬಾಲದಿಂದ ಡಬ್ಬಿ ಗೋಡೆಗೆ ಡಬ ಡಬ ಬಡೀತು. ಗಾರ್ಡು ನಗ್ತಾ ಬಾಗಿಲು ತೆಗೆದು ನೀರು ಕುಡಿಸೋಕೆ ಬಿಟ್ಟ." ಬೆಳಗಾಗಿ ಶಿವಮೊಗ್ಗೆಯಲ್ಲಿ ಇಳಿದಾಗ ಟೈಗರ್ ಮೈಮೇಲೆ ಒಂದು ಗೀರೂ ಇರಲಿಲ್ಲ.

"ಆಮೇಲೆ ಟೈಗರ್ ಏನಾಯ್ತು ತಾತ?" ಅಂದೆ. ತಾತ ಕನ್ನಡಕ ಒರೆಸಿಕೊಂಡು "ಕಾಫಿ ಆಯ್ತೇನೋ ನೋಡು" ಅಂದರು. ಅಲ್ಲಿಗೆ ಬಿಟ್ಟೆ.

ಇನ್ನು ಕಾನೂನಿಗೆ ಬರೋಣ. 1952ರಲ್ಲಿ ರಾಜ್ಯಸಭೆಗೆ ಬಂದ ನೃತ್ಯಗಾರ್ತಿ ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಪ್ರಾಣಿಗೆ ಅನಗತ್ಯ ನೋವಾಗುವ ರೀತಿಯಲ್ಲಿ ವಾಹನದಲ್ಲಿ ಸಾಗಿಸೋದು ಅಪರಾಧ ಅಂತ ಅದರ 11ನೇ ಸೆಕ್ಷನ್ ಹೇಳುತ್ತೆ. ಆದರೆ ಸಾಗಿಸೋದು ಹೇಗೆ ಅನ್ನೋದು ವಿವರವಾಗಿ ಬಂದದ್ದು 1978ರ ಪ್ರಾಣಿಗಳ ಸಾಗಣೆ ನಿಯಮಗಳಲ್ಲಿ. ಅದರಲ್ಲಿ ಮೊದಲ ಜಾಗವೇ ನಾಯಿ-ಬೆಕ್ಕುಗಳಿಗೆ.

ಒಣ ಕಾನೂನು ಅಂತ ಓದೋಕೆ ಕೂತೆ, ಮನೆಯ ಹಿರಿಯರು ಕೂತು ಬರೆದ ಹಾಗಿದೆ. ಪಶುವೈದ್ಯರ ಸರ್ಟಿಫಿಕೇಟ್ ಇರಬೇಕು. ತುಂಬು ಗರ್ಭಿಣಿ ನಾಯಿಯನ್ನ ಸಾಗಿಸಬಾರದು. ಹೊರಡುವ ಎರಡು ಗಂಟೆ ಮೊದಲೇ ಊಟ-ನೀರು ಕೊಟ್ಟಿರಬೇಕು, ಹೊರಡುವ ಮುಂಚೆ ಅಡ್ಡಾಡಿಸಬೇಕು. ದೂರದ ಪ್ರಯಾಣದಲ್ಲಿ ಬೇಸಿಗೆಯಾದರೆ ನಾಲ್ಕು ಗಂಟೆಗೊಮ್ಮೆ, ಚಳಿಗಾಲವಾದರೆ ಆರು ಗಂಟೆಗೊಮ್ಮೆ ನೀರು. ರೈಲಿನಲ್ಲಿ ಆರು ಗಂಟೆ ಮೀರಿದ ಪ್ರಯಾಣವಾದರೆ ಜೊತೆಗೊಬ್ಬರು ಇರಬೇಕು, ಅವರು ಎಲ್ಲಾ ಸ್ಟೇಷನ್ನಿನಲ್ಲೂ ನಾಯಿಯ ಹತ್ತಿರ ಹೋಗೋಕೆ ಅವಕಾಶ ಇರಬೇಕು. ಚೊಂಬು ಹಿಡಿದು ಓಡಿದ ತಾತ ಹತ್ತು ವರ್ಷ ಮೊದಲೇ ಈ ನಿಯಮ ಪಾಲಿಸಿದ್ದರು!

ನನ್ನ ಪ್ರಶ್ನೆಗೆ ನೇರ ಉತ್ತರ 10ನೇ ನಿಯಮದಲ್ಲಿತ್ತು. ಸಾರ್ವಜನಿಕ ವಾಹನದಲ್ಲಿ ರಸ್ತೆ ಮೂಲಕ ಹತ್ತಿರದ ಊರಿಗೆ ಒಯ್ಯುವಾಗ ನಾಯಿಯನ್ನ ಪಂಜರದಲ್ಲಿ ಇಡಬೇಕು. ಪಂಜರವನ್ನ ಗಾಡಿಯ ಮೇಲೆ ಹೇರಬಾರದು. ಒಳಗೆ, ಆದಷ್ಟೂ ಹಿಂಭಾಗದಲ್ಲಿ ಇಡಬೇಕು. ಗಾಡಿ ಆದಷ್ಟೂ ಒಂದೇ ವೇಗದಲ್ಲಿ ಹೋಗಬೇಕು, ತಟ್ಟನೆ ಬ್ರೇಕ್ ಹಾಕಬಾರದು, ಕುಲುಕಾಟ ಕಡಿಮೆ ಇರಬೇಕು (ಇದನ್ನ ಬರೆದವರು ನಮ್ಮ ಬೆಂಗಳೂರಿನ ರಸ್ತೆ ನೋಡಿರಲಿಲ್ಲ ಅನ್ಸುತ್ತೆ). ಎಲ್ಲಾ ಹೊತ್ತಿನಲ್ಲೂ ಒಬ್ಬರು ಜೊತೆಗಿರಬೇಕು.

2016ರ ಜನವರಿಯಲ್ಲಿ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿ ಪ್ರಾಣಿ ಸಾಗಿಸುವ ಲಾರಿಗಳಲ್ಲಿ ಅಡ್ಡಗೋಡೆ ಕಡ್ಡಾಯ ಮಾಡಿತು. ಒಂದು ಹಸುವಿಗೆ 2 ಚದರ ಮೀಟರ್, ಹಂದಿಗೆ 0.6, ಕುರಿಗೆ 0.3 ಹೀಗೆ. ಆ ಪಟ್ಟಿಯಲ್ಲಿ ನಾಯಿ ಇಲ್ಲ. ಬ್ರಿಟನ್ನಿನ ಹೈವೇ ಕೋಡ್‌ನ 57ನೇ ನಿಯಮ ಸ್ವಂತ ಕಾರಿನ ನಾಯಿಯನ್ನೂ ಬಿಡೋದಿಲ್ಲ: ಮೈಪಟ್ಟಿ, ಪೆಟ್ಟಿಗೆ, ಪಂಜರ ಅಥವಾ ಅಡ್ಡಜಾಲರಿ, ಏನಾದರೊಂದು ಬೇಕೇ ಬೇಕು ಅನ್ನುತ್ತೆ.

ಕಾರಿನ ಹಿಂಭಾಗಕ್ಕೆ ನಾವು 'ಡಿಕ್ಕಿ' ಅಂತೀವಿ. ಕನ್ನಡದಲ್ಲಿ ಗುದ್ದೋದಕ್ಕೂ ಡಿಕ್ಕಿ, ಸಾಮಾನು ಇಡೋ ಜಾಗಕ್ಕೂ ಡಿಕ್ಕಿ! ಎರಡನೇ ಡಿಕ್ಕಿ ಬಂದದ್ದು ಇಂಗ್ಲಿಷಿನಿಂದ. ಸಾರೋಟಿನ ಹಿಂದೆ ಆಳುಗಳು ಕೂರುತ್ತಿದ್ದ ಸೀಟಿಗೆ ಆ ಹೆಸರಿತ್ತು. ಅಂಬಾಸಿಡರ್ ಕಾಲದ ಡಿಕ್ಕಿ ಮುಚ್ಚಿದ ಪೆಟ್ಟಿಗೆ, ಗಾಳಿ ಇಲ್ಲ, ಅದರೊಳಗೆ ಜೀವ ಇರುವ ಯಾವುದನ್ನೂ ಇಡುವಂತಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದರ ಮರುವರ್ಷ ಮಾರುತಿ ವ್ಯಾನು. ಹಿಂದಿನ ಬಾಗಿಲು ಮೇಲಕ್ಕೆ ಎತ್ತಿದರೆ ಸಾಮಾನಿನ ಜಾಗವೂ ಜನರ ಜಾಗವೂ ಒಂದೇ ಕೋಣೆ. ಮಧ್ಯಮವರ್ಗದ ನಾಯಿಗೆ ಕಾರಿನೊಳಗೆ ಗಾಳಿ ಸಿಗುವ ಹಿಂಭಾಗ ಸಿಕ್ಕಿತು. ಆದರೆ ಡಾಗ್ ಕಾರ್ಟಿನಲ್ಲೂ ಬ್ರೇಕ್‌ವ್ಯಾನಿನಲ್ಲೂ ಇದ್ದ ಗೋಡೆ ಮಾಯವಾಯ್ತು.

ಗೋಡೆ ಯಾಕೆ ಬೇಕು ಅನ್ನೋದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ಗಂಟೆಗೆ 50 ಕಿಮೀ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದ್ಕೊಳ್ಳಿ. 22 ಕೆಜಿಯ ಗುಂಡನನ್ನ ಅಷ್ಟೇ ಹೊತ್ತಿನಲ್ಲಿ ನಿಲ್ಲಿಸೋಕೆ ಮೂರು ಸಾವಿರ ನ್ಯೂಟನ್ ಬಲ ಬೇಕು, ಅಂದ್ರೆ 300 ಕೆಜಿ ತೂಕದಷ್ಟು. ಆ ಬಲ ಯಾರು ಕೊಡ್ತಾರೆ? ಪೆಟ್ಟಿಗೆ ಕೊಡದಿದ್ದರೆ ನನ್ನ ಬೆನ್ನು, ಇಲ್ಲವೇ ಮುಂದಿನ ಗಾಜು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತು ಅಪಘಾತದಲ್ಲಿ ತೀರಿಕೊಂಡಾಗ ಇಡೀ ದೇಶ ಇದೇ ಲೆಕ್ಕವನ್ನ ಮಾತಾಡಿತ್ತು. ಹಿಂದೆ ಕೂತವರಿಗೆ ಭಯ ಇಲ್ಲ ಅನ್ನೋದು ನಮ್ಮೆಲ್ಲರ ಭ್ರಮೆ.

ಲೆಕ್ಕ ಹಾಕಿ ಮುಗಿಸಿ ನಾನು ಮಾಡಿದ ಬುದ್ಧಿವಂತಿಕೆ ಕೇಳಿ. ಗಾಂಧಿ ಬಜಾರಿಗೆ ಹೋಗಿ ಗಟ್ಟಿ ಚೈನು, ಎರಡು ಕೊಕ್ಕೆ ತಂದೆ. ಕತ್ತಿನ ಪಟ್ಟಿಗೆ ಚೈನು ಸಿಕ್ಕಿಸಿ, ಇನ್ನೊಂದು ತುದಿ ಡಿಕ್ಕಿಯ ಕೊಕ್ಕೆಗೆ ಕಟ್ಟಿದರೆ ಕೆಲಸ ಮುಗೀತು ಅಂತ. ಜಗಲಿಯಲ್ಲಿ ಕೂತು ಅಳತೆ ನೋಡ್ತಿದ್ದೆ.

ತಾತ ನೋಡಿದರು. ಎದ್ದು ಬಂದು ಚೈನನ್ನ ಕೈಯಿಂದ ತಗೊಂಡರು. "ಇದು ಬೇಡ," ಅಂದರು. ಆಮೇಲೆ ಕೂತು ಹೇಳಿದರು.

1973ರಲ್ಲಿ ಮತ್ತೆ ಬೆಂಗಳೂರಿಗೆ ವರ್ಗ. ಅಷ್ಟರಲ್ಲಿ ಸಂಸಾರ ದೊಡ್ಡದಾಗಿತ್ತು. ಮಂಚ, ಬೀರು ಎಲ್ಲಾ ಸೇರಿ ಒಂದು ಲಾರಿ ಸಾಮಾನು. ಮನೆಯವರನ್ನ ಮುಂಚೆಯೇ ರೈಲಿಗೆ ಹತ್ತಿಸಿದ್ದಾಯ್ತು. ಟೈಗರ್‌ನನ್ನ ಮತ್ತೆ ಯಾಕೆ ಡಬ್ಬಿಗೆ ಹಾಕೋದು, ಲಾರಿ ಹಿಂದೆ ಗಾಳಿಗೆ ಆರಾಮಾಗಿ ಬರಲಿ ಅಂತ ಮಂಚದ ಕಾಲಿಗೆ ಚೈನು ಕಟ್ಟಿದರು. ತಾತ ಡ್ರೈವರ್ ಪಕ್ಕ ಕೂತರು. ತಿಪಟೂರು ದಾಟಿದ ಮೇಲೆ ಕಾಫಿಗೆ ಅಂತ ನಿಲ್ಲಿಸಿ ಹಿಂದೆ ಹೋಗಿ ನೋಡಿದರೆ ಟೈಗರ್ ಲಾರಿಯ ಪಕ್ಕದ ಹಲಗೆ ಹಾರಿ ಹೊರಗೆ ನೇತಾಡ್ತಿತ್ತು. ಚೈನು ಹಲಗೆ ದಾಟುವಷ್ಟು ಉದ್ದ ಇತ್ತು, ನೆಲ ಮುಟ್ಟುವಷ್ಟು ಇರಲಿಲ್ಲ.

"ಎಲ್ಲಿ ಹಾರ್ತೋ ಗೊತ್ತಿಲ್ಲ. ಲಾರಿ ಸದ್ದಿಗೆ ನನಗೇನೂ ಕೇಳಿಸಲಿಲ್ಲ," ಅಂದರು ತಾತ. ರಸ್ತೆ ಪಕ್ಕ ಒಂದು ತೆಂಗಿನ ತೋಟದವರ ಹತ್ತಿರ ಗುದ್ದಲಿ ಇಸ್ಕೊಂಡು ಅಲ್ಲೇ ಮಣ್ಣು ಮಾಡಿದರಂತೆ. ಅಪ್ಪನಿಗೆ ಆಗ ಮೂರು ವರ್ಷ. ಅವನಿಗೆ "ಟೈಗರ್ ಶಿವಮೊಗ್ಗದಲ್ಲೇ ಉಳ್ಕೊಂಡ" ಅಂತ ಹೇಳಿದ್ದರಂತೆ. ಅಪ್ಪ ಈಗಲೂ ಹಾಗೇ ನಂಬಿದ್ದ. ಒಳಗಿನಿಂದ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ.

ಆ ರಾತ್ರಿ 10ನೇ ನಿಯಮವನ್ನ ಮತ್ತೆ ಓದಿದೆ. ಪಂಜರದಲ್ಲಿ ಇಡಬೇಕು. ಒಳಗೆ ಇಡಬೇಕು. ಎಲ್ಲಾ ಹೊತ್ತಿನಲ್ಲೂ ಒಬ್ಬರು ಜೊತೆಗಿರಬೇಕು. ಟೈಗರ್ ಸತ್ತು ಐದು ವರ್ಷಕ್ಕೆ ಬಂದ ನಿಯಮ. ಹಳೇ ಕೋಡ್ ಓದುವಾಗ ಅರ್ಥವಿಲ್ಲದ ಒಂದು 'ಇಫ್' ಕಂಡರೆ ನಾವು ಹೊಸಬರು ಅಳಿಸೋಕೆ ಹೋಗ್ತೀವಿ, ಸೀನಿಯರ್ ಬಂದು "ಮುಟ್ಟಬೇಡ, ಯಾವುದೋ ರಾತ್ರಿ ಏನೋ ಕೆಟ್ಟಿದ್ದಕ್ಕೇ ಅದು ಅಲ್ಲಿ ಬಂದಿರೋದು" ಅಂತಾರೆ. ಈ ನಿಯಮಗಳೂ ಹಾಗೇ ಅನ್ನಿಸ್ತು.

ಕಟ್ಟಿಹಾಕಿದ ಮಾತ್ರಕ್ಕೆ ಕಾಪಾಡಿದ ಹಾಗಲ್ಲ ಅನ್ನೋದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಸಾಕ್ಷಿ ಲೈಕಾ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಹೋದ ಮಾಸ್ಕೋದ ಆ ಬೀದಿನಾಯಿಯನ್ನ ನಿಲ್ಲೋಕೆ, ಕೂರೋಕೆ, ಮಲಗೋಕೆ ಮಾತ್ರ ಆಗುವ ಹಾಗೆ ಸರಪಳಿಯಿಂದ ಬಿಗಿದಿದ್ದರು. ಹಾರಾಟದ ಅದುರಾಟ ಅವಳನ್ನ ಕೊಲ್ಲಲಿಲ್ಲ. ಕೊಂದದ್ದು ಗೂಡಿನೊಳಗಿನ ಸೆಕೆ, ಅದೂ ಕೆಲವೇ ಗಂಟೆಗಳಲ್ಲಿ. ಈ ಸತ್ಯ ಹೊರಗೆ ಬಂದದ್ದು 2002ರಲ್ಲಿ. ನಮ್ಮ ಕಾರೂ ಬಿಸಿಲಲ್ಲಿ ಅಂಥದೇ ಗೂಡು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಚೂರು ಇಳಿಸಿದ್ದರೂ ಹೆಚ್ಚೇನೂ ವ್ಯತ್ಯಾಸ ಆಗಿರಲಿಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟು. ಗುಂಡ ತಲೆ ತಗ್ಗಿಸದೆ ನಿಲ್ಲುವಷ್ಟು, ಒಂದು ಸುತ್ತು ತಿರುಗಿ ಮಲಗುವಷ್ಟು ಜಾಗ ಇರುವ ಗಟ್ಟಿ ಪೆಟ್ಟಿಗೆ ತಂದೆ. ಹಿಂದಿನ ಸೀಟನ್ನ ಮಡಚಿ, ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟು, ನಾಲ್ಕು ಮೂಲೆಗೂ ಬೆಲ್ಟಿನಿಂದ ಕಾರಿನ ಕೊಕ್ಕೆಗಳಿಗೆ ಬಿಗಿದೆ. ಪೆಟ್ಟಿಗೆಯೇ ಹಾರಿದರೆ ಅದೂ ಒಂದು ಗುಂಡೇ ತಾನೇ! ಒಳಗೆ ಕತ್ತಿನ ಪಟ್ಟಿಗೆ ಏನೂ ಕಟ್ಟೋದಿಲ್ಲ. ಮೊದಲ ಎರಡು ವಾರ ಪೆಟ್ಟಿಗೆಯನ್ನ ಹಾಲಿನಲ್ಲೇ ಬಾಗಿಲು ತೆರೆದು ಇಟ್ಟಿದ್ದೆವು. ಅಮ್ಮ ತನ್ನ ಹಳೇ ಸೀರೆ ಹಾಸಿದಳು. ಗುಂಡ ತಾನಾಗೇ ಒಳಗೆ ಹೋಗಿ ಮಲಗೋಕೆ ಶುರು ಮಾಡಿದ ಮೇಲೇ ಕಾರಿಗೆ ಹತ್ತಿಸಿದ್ದು.

ಹೋದ ಭಾನುವಾರ ಮೊದಲ ಸವಾರಿ. ತಾತ ತಾವೂ ಬರ್ತೀನಿ ಅಂದರು. ಮುಂದಿನ ಸೀಟಲ್ಲಿ ಕೂತರೂ ಮುಖ ಪೂರ್ತಿ ಹಿಂದಕ್ಕೇ. ಬ್ಯೂಗಲ್ ರಾಕ್ ಸುತ್ತಿ ಬಂದು ಮನೆ ಮುಂದೆ ನಿಲ್ಲಿಸಿದಾಗ "ನೀರು ತಂದಿದ್ದೀಯೇನೋ?" ಅಂತ ಕೇಳಿದರು. ಬರೀ ಇಪ್ಪತ್ತು ನಿಮಿಷದ ಸುತ್ತಾಟಕ್ಕೆ ಯಾರು ನೀರು ತರ್ತಾರೆ? ತಾತ ತಾವೇ ಇಳಿದು ನಿಧಾನವಾಗಿ ಒಳಗೆ ಹೋಗಿ, ಚೊಂಬಿನಲ್ಲಿ ನೀರು ಹಿಡಿದುಕೊಂಡು ಬಂದರು. ಗುಂಡನ ಬಾಲ ಪೆಟ್ಟಿಗೆಯ ಗೋಡೆಗೆ ಡಬ ಡಬ ಬಡೀತಿತ್ತು.

ನಿಮ್ಮ ಮನೆಯ ಹಿರಿಯರ ಹತ್ತಿರವೂ ಇಂಥ ಟೈಗರ್ ಒಬ್ಬ ಇರಬಹುದು. ಒಮ್ಮೆ ಕೇಳಿ ನೋಡಿ. ಆಮೇಲೆ ನಿಮ್ಮ ಕಾರಿನ ಹಿಂಭಾಗವನ್ನೂ ಒಮ್ಮೆ ನೋಡಿ.